ಏಳು ಹಾಲಿಗೆ ಆರು ಕಲ್ದಾರ

ಕಳೆದ ಸುಗ್ಗಿಯಲ್ಲಿ ಗೂಗಲ್ ಕಡೆಯ ಒಬ್ಬ ರೈತ ರಾಯಚೂರಿಗೆ ಹತ್ತಿ ತಂದಿದ್ದ. ಹೋದ ವಾರ ತನ್ನ ಅಣ್ಣತಮ್ಮಂದಿರ ಹತ್ತಿಗೆ ಸಿಕ್ಕ ದರಕ್ಕಿಂತ ಕ್ವಿಂಟಾಲಿಗೆ ಮುನ್ನೂರು ಕಡಿಮೆ ಕೂಗಿದರು. "ಯಾಕ್ರಿ ಸಾವ್ಕಾರ್ರ, ಮುನ್ನೂರು ಕಡಿಮಿ ಹಚ್ಚೀರಿ?" ಎಂದು ಕೇಳಿದ್ದಕ್ಕೆ ಬಂದ ಉತ್ತರ: "ಏನ್ ಮಾಡಾದೋ ತಮ್ಮಾ, ಡಾಲರ್ ಹಂಗೈತಿ." ಬಂದಷ್ಟು ರೊಕ್ಕ ಎಣಿಸಿಕೊಂಡು ಅದೇ ದಿನ ಸಂಜೆ ಗೊಬ್ಬರದ ಅಂಗಡಿಗೆ ಹೋದ. ಪೊಟ್ಯಾಷ್ ದರ ಏರಿತ್ತು. ಕೇಳಿದರೆ ಅಲ್ಲೂ ಅದೇ ಮಾತು: "ಡಾಲರ್ ಏರೈತಿ." ಒಂದೇ ದಿನದಲ್ಲಿ, ಒಂದೇ ಊರಿನಲ್ಲಿ, ಅವನು ಮಾರುವಾಗ ಬಿದ್ದಿದ್ದ ಡಾಲರ್ ಅವನು ಕೊಳ್ಳುವಾಗ ಎದ್ದು ನಿಂತಿತ್ತು. ಆ ಮನುಷ್ಯ ನಮ್ಮ ಹತ್ತಿರ ಬಂದು ಕೇಳಿದ್ದು ಇಷ್ಟೇ: "ಅಣ್ಣಾ, ಈ ಡಾಲರ್ ಅನ್ನಾಂವ ಯಾವೂರ ಸಾವ್ಕಾರ?"

ನಗುವ ಮಾತಲ್ಲ ಇದು. ಎರಡು ಸರಕಾರಗಳ ರೊಕ್ಕ, ಅವೆರಡರ ನಡುವೆ ಒಂದು ದರ, ಆ ದರ ಗೊತ್ತಿದ್ದವನು ತಕ್ಕಡಿಯ ಆಚೆ, ಗೊತ್ತಿಲ್ಲದವನು ಈಚೆ. ನಮ್ಮ ಜಿಲ್ಲೆಯ ಹಿರಿಯರಿಗೆ ಈ ಆಟ ಹೊಸದಲ್ಲ. ಅವರ ಕಾಲದಲ್ಲಿ ಎರಡನೆಯ ರೊಕ್ಕ ಅಮೆರಿಕದಿಂದ ಬರುತ್ತಿರಲಿಲ್ಲ, ತುಂಗಭದ್ರೆಯ ಆಚೆ ದಂಡೆಯಿಂದ ಬರುತ್ತಿತ್ತು. ಮಾನ್ವಿ, ದೇವದುರ್ಗದ ಇಂದಿನ ಹುಡುಗರಿಗೆ ಅದು ಕಥೆಯಾಗಿಯೂ ಉಳಿದಿಲ್ಲ. ಆದ್ದರಿಂದ ಈ ತಿಂಗಳು ಹಳೆಯ ಲೆಕ್ಕದಿಂದಲೇ ಶುರು ಮಾಡುತ್ತೇವೆ.

1948ರ ಸೆಪ್ಟೆಂಬರ್ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ಆ ಸಂಸ್ಥಾನಕ್ಕೆ ತನ್ನದೇ ಟಂಕಸಾಲೆ ಇತ್ತು, ತನ್ನದೇ ರೂಪಾಯಿ ಇತ್ತು, 1918ರಿಂದ ತನ್ನದೇ ಕಾಗದದ ನೋಟೂ ಬಂತು. ಆ ರೂಪಾಯಿಗೆ ಹಾಲಿ ಸಿಕ್ಕಾ ಎನ್ನುತ್ತಿದ್ದರು, ಅಂದರೆ ಈಗ ಚಾಲ್ತಿಯಲ್ಲಿರುವ ನಾಣ್ಯ. ಹಾಲಿ ಶಾಸಕರು, ಮಾಜಿ ಶಾಸಕರು ಎನ್ನುತ್ತೇವಲ್ಲ, ಅದೇ ಹಾಲಿ. (ಆ ಹಾಲಿಯೂ ಮುಂದೆ ಮಾಜಿಯಾಯಿತು.) ಬ್ರಿಟಿಷರ ರೂಪಾಯಿಗೆ ನಮ್ಮ ಕಡೆ ಕಲ್ದಾರ ಎಂದು ಹೆಸರು. ಕಲ್ ಎಂದರೆ ಯಂತ್ರ, ಯಂತ್ರದಲ್ಲಿ ಅಚ್ಚಾದದ್ದು ಕಲ್ದಾರ. ಇಪ್ಪತ್ತನೇ ಶತಮಾನದ ಮೊದಲಿಗೆ ಹಾಲಿಯೂ ಯಂತ್ರದಲ್ಲೇ ಅಚ್ಚಾಗತೊಡಗಿ ಮೈಮೇಲೆ ಚಾರ್ಮಿನಾರ್ ಹೊತ್ತುಕೊಂಡು ಬಂತು, ಆದರೂ ಕಲ್ದಾರ ಎಂಬ ಹೆಸರು ಇಂಗ್ಲಿಷ್ ರೂಪಾಯಿಗೇ ಉಳಿಯಿತು.

ಸರಕಾರಿ ದರ ಹೀಗಿತ್ತು: 7 ಹಾಲಿಗೆ 6 ಕಲ್ದಾರ. ಕಾಗದದ ಮೇಲೆ ಬರೆಯುವಾಗ 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಪೇಟೆಯಲ್ಲಿ ಬೇಡಿಕೆ ನೋಡಿ ಸ್ವಲ್ಪ ಮೇಲೆ ಕೆಳಗೆ ಆಗುತ್ತಿತ್ತು. ಈ ಏಳು-ಆರು ಎಲ್ಲಿಂದ ಬಂತು ಎಂದರೆ ಬೆಳ್ಳಿಯಿಂದ. ಕಲ್ದಾರದ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಸುಮಾರು 10.7 ಗ್ರಾಂ. ಚಾರ್ಮಿನಾರ್ ಹಾಲಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ 9.1 ಗ್ರಾಂಗೆ ಸ್ವಲ್ಪ ಮೇಲೆ. ಏಳು ಹಾಲಿ ಕರಗಿಸಿದರೂ 64 ಗ್ರಾಂ ಬೆಳ್ಳಿ, ಆರು ಕಲ್ದಾರ ಕರಗಿಸಿದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ದರದಲ್ಲಿ ಮೋಸ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇವೆ. ದರ ನ್ಯಾಯವಾಗಿಯೇ ಇತ್ತು. ಅನ್ಯಾಯ ನಡೆದದ್ದು ಆ ದರವನ್ನು ಯಾವಾಗ ಹಚ್ಚಬೇಕು, ಯಾವಾಗ ಮರೆಯಬೇಕು ಎಂಬಲ್ಲಿ.

ಯಾರ ಕೈಯಲ್ಲಿ ಯಾವ ರೊಕ್ಕ ಇತ್ತು ನೋಡಿರಿ. ಹೊಲದ ಪಟ್ಟಿ, ಕಚೇರಿಯ ಲೆಕ್ಕ, ಊರ ಸಂತೆ, ಕೂಲಿ, ಮದುವೆಯ ಸಾಲ ಎಲ್ಲ ಹಾಲಿಯಲ್ಲಿ. ಆದರೆ 1871ರಲ್ಲಿ ರಾಯಚೂರಿಗೆ ಮುಂಬಯಿ ಕಡೆಯ ರೈಲು ಮದ್ರಾಸ್ ಕಡೆಯ ರೈಲನ್ನು ಕೂಡಿದ ಮೇಲೆ ನಮ್ಮ ಹತ್ತಿ ಹೋಗುವ ದಾರಿ ಮುಂಬಯಿಯಾಯಿತು, ಮುಂಬಯಿಯ ದರ ಕಲ್ದಾರದಲ್ಲಿ. ರೈಲು ಕಂಪನಿಯ ಲೆಕ್ಕ ಕಲ್ದಾರದಲ್ಲಿ. ಮಾನ್ವಿಯವರು ಹೊಳೆ ದಾಟಿ ಆದವಾನಿಗೆ ಹೋದರೆ ಅದು ಮದ್ರಾಸ್ ಪ್ರಾಂತ, ಅಲ್ಲಿ ಕಲ್ದಾರ. ಗೂಗಲ್ಲಿನವರಿಗೆ ಕೃಷ್ಣೆಯ ಎರಡೂ ದಂಡೆ ನಿಜಾಮರದೇ, ಹಾಗಾಗಿ ಅವರು ಕಲ್ದಾರದ ಮುಖ ನೋಡುವುದು ರಾಯಚೂರಿಗೆ ಬಂದಾಗ, ಅದೂ ಅಪರೂಪಕ್ಕೆ. ಬೆಳೆದದ್ದರ ಬೆಲೆ ಒಂದು ರೊಕ್ಕದಲ್ಲಿ ಹುಟ್ಟುತ್ತದೆ, ಸಾಲ ಇನ್ನೊಂದು ರೊಕ್ಕದಲ್ಲಿ ಬೆಳೆಯುತ್ತದೆ, ಎರಡರ ನಡುವೆ ಕುಳಿತವನು ಒಬ್ಬನೇ. ಅವನೇ ಅಡತಿ, ಅವನೇ ಸಾಲಗಾರ ಧಣಿ, ಅವನೇ ಚಿನಿವಾರ.

ಬಿಡಿ ಲೆಕ್ಕ ಮಾಡಿ ನೋಡಿರಿ. ಏಳಾಣೆಗೆ ಆರಾಣೆ, ಸರಿ. ಒಂದಾಣೆಗೆ ಎಷ್ಟು? ಹತ್ತು ಪೈ, ಮೇಲೆ ಒಂದು ಪೈಯನ್ನು ಏಳು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ಆ ಎರಡು ಪಾಲಿಗೆ ನಾಣ್ಯವಿಲ್ಲ. ನಾಣ್ಯವಿಲ್ಲದ ಆ ಚೂರು ಯಾವತ್ತೂ ರೈತನ ಕಡೆ ಬಿದ್ದದ್ದಿಲ್ಲ. 100 ಹಾಲಿಗೆ ಕಲ್ದಾರ 85 ರೂಪಾಯಿ 11 ಆಣೆ 5 ಪೈ ಆಗಬೇಕು. ನಮ್ಮ ತಾತ ಹೇಳುತ್ತಿದ್ದ ಪ್ರಕಾರ ಅಂಗಡಿಯಲ್ಲಿ 85 ಎಂದು ಎಣಿಸಿ ಮುಗಿಸುತ್ತಿದ್ದರು. ಹನ್ನೊಂದಾಣೆ ಐದು ಪೈ ಎಲ್ಲಿ ಎಂದರೆ "ವಟ್ಟ ಹೋತು" ಎಂಬ ಒಂದು ಮಾತು. ವಟ್ಟದ ಮೇಲೆ ದಲಾಲಿ, ದಲಾಲಿಯ ಮೇಲೆ ದೇವರ ಧರ್ಮದ ಹೆಸರಿನ ಕಾಸು.

ಇಷ್ಟೇ ಆಗಿದ್ದರೆ ಅಂಗಡಿಯವನ ಜೊತೆ ಜಗಳ ಆಡಿ ಮುಗಿಸಬಹುದಿತ್ತು. ಆದರೆ ಹಾಲಿಯ ಮೂಗುದಾರ ಕಲ್ದಾರದ ಕೈಯಲ್ಲಿತ್ತು, ಕಲ್ದಾರದ ಮೂಗುದಾರ ಲಂಡನ್ನಿನಲ್ಲಿತ್ತು. 1893ರಲ್ಲಿ ಬ್ರಿಟಿಷ್ ಸರಕಾರ ಜನ ಬೆಳ್ಳಿ ತಂದು ನಾಣ್ಯ ಮಾಡಿಸಿಕೊಳ್ಳುವುದನ್ನು ನಿಲ್ಲಿಸಿತು. ಅಲ್ಲಿಂದ ಕಲ್ದಾರದ ಬೆಲೆ ಅದರೊಳಗಿನ ಬೆಳ್ಳಿಯದಲ್ಲ, ಸರಕಾರ ಹೇಳಿದ್ದು. 1898ರಿಂದ ಮೊದಲ ಮಹಾಯುದ್ಧದ ತನಕ ಒಂದು ರೂಪಾಯಿಗೆ 16 ಪೆನ್ಸ್ ಎಂದು ನಡೆಯಿತು. ಯುದ್ಧದಲ್ಲಿ ಎಲ್ಲ ಏರುಪೇರಾಗಿ, ಕೊನೆಗೆ ಹಿಲ್ಟನ್ ಯಂಗ್ ಆಯೋಗ 1926ರಲ್ಲಿ ಸಲಹೆ ಕೊಟ್ಟಂತೆ 1927ರಲ್ಲಿ 18 ಪೆನ್ಸ್ ಎಂದು ಕಾಯಿದೆ ಮಾಡಿದರು. ರೂಪಾಯಿ ಬಲವಾಯಿತು, ಒಳ್ಳೆಯದೇ ಅಲ್ಲವೇ ಎಂದು ಪಟ್ಟಣದ ಓದಿದವರು ಕೇಳಬಹುದು. ಲೆಕ್ಕ ಹಾಕೋಣ. ನಮ್ಮ ಹತ್ತಿಗೆ ವಿಲಾಯತಿಯಲ್ಲಿ ಒಂದು ಪೌಂಡ್, ಅಂದರೆ 240 ಪೆನ್ಸ್, ಬೆಲೆ ಬಂತು ಎನ್ನಿ. ರೂಪಾಯಿಗೆ 16 ಪೆನ್ಸ್ ಇದ್ದಾಗ ಅದು 15 ಕಲ್ದಾರ, ಹಾಲಿಯಲ್ಲಿ ಹದಿನೇಳೂವರೆ. 18 ಪೆನ್ಸ್ ಆದ ಮೇಲೆ 13 ರೂಪಾಯಿ 5 ಆಣೆ 4 ಪೈ ಕಲ್ದಾರ, ಹಾಲಿಯಲ್ಲಿ ಹದಿನೈದೂವರೆಗೆ ಸ್ವಲ್ಪ ಮೇಲೆ. ವಿಲಾಯತಿಯವನು ಒಂದು ಪೆನ್ನಿಯೂ ಕಡಿಮೆ ಕೊಡಲಿಲ್ಲ, ಆದರೂ ಹದಿನೇಳೂವರೆಯಲ್ಲಿ ಎರಡು ರೂಪಾಯಿ ದಾರಿಯಲ್ಲೇ ಮಾಯ. ಹೊಲದ ಪಟ್ಟಿ ಎರಡು ರೂಪಾಯಿ ಇಳಿಯಿತೇ? ಇಲ್ಲ. ಸಾಲದ ಅಸಲು ಇಳಿಯಿತೇ? ಇಲ್ಲ. ಬಡ್ಡಿ ಇಳಿಯಿತೇ? ಕೇಳುವುದೇ ಬೇಡ.

ಆ ಆಯೋಗದಲ್ಲಿ ಒಪ್ಪದೆ ಬೇರೆ ಟಿಪ್ಪಣಿ ಬರೆದವರು ಒಬ್ಬರೇ, ಸರ್ ಪುರುಷೋತ್ತಮದಾಸ್ ಠಾಕುರದಾಸ್, ಮುಂಬಯಿಯ ಹತ್ತಿ ವ್ಯಾಪಾರಿ. ಹತ್ತಿಯ ಬೆಲೆಗೆ ಏನಾಗುತ್ತದೆಂದು ವ್ಯಾಪಾರಿಗೆ ಗೊತ್ತಿತ್ತು. 1930ರ ಜನವರಿಯಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯದು ಎಲ್ಲರಿಗೂ ನೆನಪಿದೆ. ರೂಪಾಯಿಯನ್ನು ಮತ್ತೆ 16 ಪೆನ್ಸಿಗೆ ಇಳಿಸಬೇಕು ಎಂಬುದೂ ಆ ಹನ್ನೊಂದರಲ್ಲಿ ಒಂದು. ಉಪ್ಪಿಗೆ ದಂಡಿಯಾತ್ರೆ ಆಯಿತು. ಈ ಇನ್ನೊಂದು ಬೇಡಿಕೆಯನ್ನು ಪುಸ್ತಕಗಳಲ್ಲೂ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ರೈತನಿಗೆ ತಟ್ಟುವ ಸಂಗತಿಗಳು ಯಾವಾಗಲೂ ಹೀಗೆ ಪಟ್ಟಿಯ ನಡುವೆ ಸಿಕ್ಕಿಕೊಂಡಿರುತ್ತವೆ.

ನಡುವೆ ಒಂದು ಮಾತು. ನಮ್ಮ ನೆಲವೇ ಒಮ್ಮೆ ಸಾಲಕ್ಕೆ ಹೋಗಿ ಬಂದದ್ದು. ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚಿನ ಬಾಕಿಗಾಗಿ ನಿಜಾಮರು 1853ರಲ್ಲಿ ವರ್ಹಾಡದ ಜೊತೆ ರಾಯಚೂರು ದೋಆಬನ್ನೂ ಇಂಗ್ಲಿಷರ ಕೈಗೆ ಒಪ್ಪಿಸಿದರು, 1860ರಲ್ಲಿ ನಮ್ಮ ಭಾಗ ತಿರುಗಿ ಬಂತು. ಅರಸನ ಸಾಲಕ್ಕೆ ಒತ್ತೆ ಬಿದ್ದ ಹೊಲದಲ್ಲಿ ಪಟ್ಟಿ ಕಟ್ಟಿದವರು ನಮ್ಮ ಮುತ್ತಜ್ಜಂದಿರು.

ಈಗ ಹಾಲಿ ಮುಳುಗಿದ ಕಾಲಕ್ಕೆ ಬರೋಣ. 1947ರ ನವೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ ಬೆನ್ನಿಗೇ ನಿಜಾಮರ ಸರಕಾರ ತನ್ನ ಸೀಮೆಯಲ್ಲಿ ಭಾರತದ ರೂಪಾಯಿ ನಡೆಯಕೂಡದು ಎಂದು ಕಟ್ಟಳೆ ಹೊರಡಿಸಿತು. ದಿಲ್ಲಿಗೂ ಹೈದರಾಬಾದಿಗೂ ನಡೆದ ಜಗಳದಲ್ಲಿ ಇದೂ ಒಂದು ದೊಡ್ಡ ಕಾರಣ. ಪೊಲೀಸ್ ಕಾರ್ಯಾಚರಣೆ ಮುಗಿದು, 1950ರಲ್ಲಿ ಭಾರತದ ರೂಪಾಯಿ ಹಾಲಿಯ ಜೊತೆಗೆ ಚಲಾವಣೆಗೆ ಬಂತು, ದರ ಅದೇ ಏಳಕ್ಕೆ ಆರು. 1951ರಲ್ಲಿ ಹೊಸ ಹಾಲಿ ಹೊರಡಿಸುವುದು ನಿಂತಿತು. ಆದರೆ ಪೂರ್ತಿ ರದ್ದಾದದ್ದು 1959ರಲ್ಲಿ. ಅಷ್ಟರೊಳಗೆ 1956ರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯದವರಾದೆವು, 1957ರ ಏಪ್ರಿಲಿನಿಂದ ಆಣೆ ಪೈ ಹೋಗಿ ನೂರು ನಯಾಪೈಸೆ ಬಂದವು. ಹಾಲಿ, ಆಣೆ, ನಯಾಪೈಸೆ, ಮೂರು ಲೆಕ್ಕ ಒಟ್ಟಿಗೇ ಒಂದೇ ಸಂತೆಯಲ್ಲಿ! ಓದು ಬಂದವನಿಗೇ ತಲೆ ತಿರುಗುವ ಹೊತ್ತು. ಹೆಬ್ಬೆಟ್ಟಿನವನ ಪಾಡು ಏನಾಗಿರಬೇಕು?

ಏನಾಯಿತು ಎಂಬುದಕ್ಕೆ ನಮ್ಮ ಮನೆಯ ಟ್ರಂಕಿನಲ್ಲೇ ಸಾಕ್ಷಿ ಇದೆ. ನಮ್ಮ ತಾತ ಫಸಲಿ 1355ರಲ್ಲಿ, ಅಂದರೆ 1945-46ರಲ್ಲಿ, ಎತ್ತಿಗಾಗಿ ಒಬ್ಬ ಸಾವ್ಕಾರನ ಹತ್ತಿರ 300 ರೂಪಾಯಿ ಹಾಲಿ ತಂದಿದ್ದ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಕಾಗದ ಉರ್ದುವಿನಲ್ಲಿ, ಕೆಳಗೆ ತಾತನ ಹೆಬ್ಬೆಟ್ಟು. ವರ್ಷ ವರ್ಷ ಬಡ್ಡಿ ಕಟ್ಟಿದ, ಅಸಲು ಹಾಗೇ ಉಳಿಯಿತು. 1952ರಲ್ಲಿ "ಸರಕಾರ ಬದಲಿ ಆಗೈತಿ, ಕಾಗದ ಹೊಸದು ಮಾಡಬೇಕು" ಎಂದು ಕರೆಸಿ ಹೊಸ ಪತ್ರ ಬರೆಸಿದರು. ಹಳೆಯದರಲ್ಲಿ 'ತೀನ್ ಸೌ ರೂಪಾಯಿ ಸಿಕ್ಕಾ ಹಾಲಿ' ಎಂದಿದೆ. ಹೊಸದರಲ್ಲಿ ಬರೀ 'ಮುನ್ನೂರು ರೂಪಾಯಿ' ಎಂದಿದೆ. ಹಾಲಿ ಎಂಬ ಎರಡಕ್ಷರ ಬಿಟ್ಟುಹೋಗಿದೆ, ಅಷ್ಟೇ.

ಆ ಎರಡಕ್ಷರದ ಬೆಲೆ ಎಷ್ಟು? 300 ಹಾಲಿ ಎಂದರೆ ಭಾರತದ ರೂಪಾಯಿಯಲ್ಲಿ 257 ರೂಪಾಯಿ 2 ಆಣೆ 3 ಪೈ. ಹೆಚ್ಚಿಗೆ ಬರೆದುಕೊಂಡದ್ದು 42 ರೂಪಾಯಿ 13 ಆಣೆ 9 ಪೈ. ತಾತ ಆ ಸಾಲ ತೀರಿಸಿದ್ದು 1964ರಲ್ಲಿ, ಒಂದು ಎಕರೆ ಎರಿ ಹೊಲ ಮಾರಿ. ಹನ್ನೆರಡು ವರ್ಷ ಆ ನಲವತ್ತೆರಡು ಚಿಲ್ಲರೆಗೂ ಬಡ್ಡಿ ಕಟ್ಟಿದ್ದಾನೆ, ವರ್ಷಕ್ಕೆ ಹತ್ತು ರೂಪಾಯಿಗೆ ಮಿಕ್ಕಿ. ಕೂಡಿಸಿದರೆ ಬಡ್ಡಿಯೇ 123 ರೂಪಾಯಿ ದಾಟುತ್ತದೆ, ಅಸಲು ಸೇರಿ 166. ತರದೆ ಇದ್ದ ಸಾಲಕ್ಕೆ ಇಷ್ಟು. ಅದೇ ವರ್ಷಗಳಲ್ಲಿ ತಾತ ಜೋಳ, ಹತ್ತಿ ಮಾರಲು ಹೋದಾಗ ಅದೇ ಅಂಗಡಿಯಲ್ಲಿ ದರ ಹೇಳುತ್ತಿದ್ದದ್ದು ಹಾಲಿಯಲ್ಲಿ. ಎಪ್ಪತ್ತು ಎಂದು ಕೂಗಿ, ಅರವತ್ತು ಎಣಿಸಿ, "ಏಳಕ್ಕ ಆರು, ಸರಕಾರದ ದರ" ಎಂದು ಕೈಗಿಡುತ್ತಿದ್ದರಂತೆ. ಮಾರುವಾಗ ಏಳಕ್ಕೆ ಆರು. ತೀರಿಸುವಾಗ ಏಳಕ್ಕೆ ಏಳು.

ತಾತನಿಗೆ ಇದು ಗೊತ್ತಾಗಲೇ ಇಲ್ಲ. ಆ ಸಾವ್ಕಾರ ಒಳ್ಳೆಯವನು, ಬರದಲ್ಲಿ ಜೋಳ ಕೊಟ್ಟಿದ್ದ ಎಂದೇ ಹೇಳುತ್ತಿದ್ದ. ಕೊಟ್ಟಿದ್ದೂ ನಿಜ ಇರಬಹುದು. ನಾನು ಹೈಸ್ಕೂಲಿನಲ್ಲಿ ಬಡ್ಡಿ ಲೆಕ್ಕ ಕಲಿತವನೇ, ಎರಡೂ ಕಾಗದ ಟ್ರಂಕಿನಲ್ಲಿ ನೋಡಿದವನೇ, ಆದರೆ ಹಳೆಯ ಕಾಗದವನ್ನು ಒಬ್ಬ ಉರ್ದು ಮಾಸ್ತರರಿಂದ ಓದಿಸಿದ್ದು ತಾತ ಸತ್ತು ಎಷ್ಟೋ ವರ್ಷದ ಮೇಲೆ. ಓದಿಸಿದ ದಿನ ಅಪ್ಪ ಊಟ ಮಾಡಲಿಲ್ಲ. ಆ ಒಂದು ಎಕರೆಯಲ್ಲಿ ಈಗ ಬೇರೆಯವರ ತೊಗರಿ ನಿಂತಿದೆ. ಅವರು ರೊಕ್ಕ ಕೊಟ್ಟು ಕೊಂಡವರು, ಅವರ ತಪ್ಪೇನೂ ಇಲ್ಲ.

ಇನ್ನು ಗೂಗಲ್ಲಿನ ರೈತನ ಪ್ರಶ್ನೆಗೆ ಬರೋಣ. ಪೌಂಡಿನ ಜಾಗದಲ್ಲಿ ಈಗ ಡಾಲರ್ ಕೂತಿದೆ. 1949ರ ಸೆಪ್ಟೆಂಬರಿನಿಂದ ಒಂದು ಡಾಲರಿಗೆ 4 ರೂಪಾಯಿ 76 ಪೈಸೆಯ ಲೆಕ್ಕ ಇತ್ತು. 1966ರ ಜೂನ್ 6ರಂದು ಒಂದೇ ಏಟಿಗೆ ಏಳೂವರೆ ಆಯಿತು. 1991ರ ಜುಲೈನಲ್ಲಿ ಎರಡು ದಿನ ಬಿಟ್ಟು ಎರಡು ಸಲ ಇಳಿಸಿದರು. ಆಮೇಲೆ ಸರಕಾರ ದರ ಸಾರುವುದನ್ನು ಬಿಟ್ಟು ಪೇಟೆಗೆ ಬಿಟ್ಟಿತು. 2022ರ ಮೊದಲಿಗೆ 75ರ ಹತ್ತಿರ ಇದ್ದದ್ದು 2024ರ ಡಿಸೆಂಬರಿನಲ್ಲಿ 85 ದಾಟಿತು.

ಹತ್ತಿಯ ಅರಳೆಯನ್ನು ಹೊರದೇಶದಲ್ಲಿ ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದು ಮಾರುತ್ತಾರೆ, ನಮ್ಮಲ್ಲಿ 356 ಕಿಲೋದ ಖಂಡಿಯ ಲೆಕ್ಕ. ಉದಾಹರಣೆಗೆ 70 ಸೆಂಟ್ ಇದೆ ಎನ್ನಿ. ಖಂಡಿಗೆ ಸುಮಾರು 549 ಡಾಲರ್ ಆಯಿತು. ಡಾಲರಿಗೆ 75 ರೂಪಾಯಿ ಇದ್ದರೆ ಖಂಡಿಗೆ ಸುಮಾರು 41,200, 85 ಇದ್ದರೆ ಸುಮಾರು 46,700. ಹೊರಗೆ ಒಂದು ಸೆಂಟೂ ಏರದೆ, ರೂಪಾಯಿ ಇಳಿದದ್ದರಿಂದಲೇ 5,500 ಹೆಚ್ಚು. ನೂರು ಕಿಲೋ ಹತ್ತಿಗೆ 34 ಕಿಲೋ ಅರಳೆ ಬರುತ್ತದೆಂದು ಹಿಡಿದರೆ, ನಮ್ಮ ಕ್ವಿಂಟಾಲಿಗೆ 500 ರೂಪಾಯಿಗೂ ಮೇಲೆ ಸಿಗಬೇಕು. ಡಾಲರ್ ಏರಿದರೆ ಹತ್ತಿ ಮಾರುವವನಿಗೆ ದರ ಏರಬೇಕೇ ಹೊರತು ಇಳಿಯಬಾರದು. ಪೊಟ್ಯಾಷ್ ಹೊರಗಿನಿಂದಲೇ ಬರುವುದು, ಡೀಸೆಲಿನ ಕಚ್ಚಾ ಎಣ್ಣೆಯೂ ಬಹುಪಾಲು ಹೊರಗಿನದೇ, ಆದ್ದರಿಂದ ಗೊಬ್ಬರದ ಅಂಗಡಿಯವನು ಹೇಳಿದ್ದರಲ್ಲಿ ನಿಜವಿದೆ. ಹತ್ತಿ ಕೊಂಡವನು ಹೇಳಿದ್ದು ಮಾತ್ರ ಲೆಕ್ಕಕ್ಕೆ ಕೂಡುವುದಿಲ್ಲ.

ಹೊರದೇಶದಲ್ಲಿ ಹತ್ತಿಯ ದರವೇ ಬಿದ್ದಿದ್ದರೆ? ಬೀಳುತ್ತದೆ, ಬಿದ್ದದ್ದೂ ಉಂಟು. ಬ್ರೆಜಿಲಿನಲ್ಲಿ ಬೆಳೆ ಹೆಚ್ಚು ಬಂದರೆ ನಮ್ಮ ಎರಿ ಹೊಲಕ್ಕೂ ಅದರ ಬಿಸಿ ತಟ್ಟುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಹಾಗಿದ್ದರೆ ಹತ್ತಿಯ ದರ ಬಿದ್ದಿದೆ ಎಂದು ಹೇಳಲಿ, ಎಷ್ಟು ಬಿದ್ದಿದೆ ತೋರಿಸಲಿ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ "ಡಾಲರ್ ಹಂಗೈತಿ" ಎನ್ನುವುದು ನಮ್ಮ ತಾತನ ಕಾಲದ "ವಟ್ಟ ಹೋತು" ಎಂಬ ಮಾತಿನ ಮೊಮ್ಮಗ.

ಸರಕಾರವೂ ಈ ಆಟದಿಂದ ಹೊರಗಿಲ್ಲ. 2025ರ ಆಗಸ್ಟ್ 19ರಿಂದ ಹೊರದೇಶದ ಹತ್ತಿಯ ಮೇಲಿದ್ದ ಶೇಕಡಾ 11 ಆಮದು ಸುಂಕವನ್ನು ಕೇಂದ್ರ ಸರಕಾರ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯ ತನಕ ಎಂದರು, ಆಮೇಲೆ ಡಿಸೆಂಬರ್ 31ರ ತನಕ ಎಂದರು. ನಮ್ಮ ಹೊಲದಲ್ಲಿ ಹತ್ತಿ ಹೂ ಕಟ್ಟುವ ಹೊತ್ತಿನಿಂದ ಬಿಡಿಸಿ ಮಾರುವ ಹೊತ್ತಿನ ತನಕ, ಸರಿಯಾಗಿ ಅಷ್ಟೇ ದಿನ. ಮೇಲಿನ ಲೆಕ್ಕದ 46,700ಕ್ಕೆ ಶೇಕಡಾ 11 ಎಂದರೆ 5,100ಕ್ಕೆ ಮೇಲೆ. ರೂಪಾಯಿ ಇಳಿದು ರೈತನ ಕಡೆಗೆ ಬರಬೇಕಾಗಿದ್ದದ್ದು 5,500, ಸುಂಕ ಎತ್ತಿ ಗಿರಣಿಯ ಕಡೆಗೆ ತಿರುಗಿಸಿದ್ದು ಹೆಚ್ಚುಕಡಿಮೆ ಅಷ್ಟೇ. ಗಿರಣಿಗಳ ಕಷ್ಟ ಗಿರಣಿಯವರು ದಿಲ್ಲಿಯಲ್ಲಿ ಹೇಳಿಕೊಳ್ಳುತ್ತಾರೆ. ಆ ವರ್ಷ ಬೆಂಬಲ ಬೆಲೆ ಉದ್ದೆಳೆ ಹತ್ತಿಗೆ 8,110, ಮಧ್ಯಮಕ್ಕೆ 7,710 ಎಂದು ಸಾರಿದ್ದರು. ಆ ಬೆಲೆಗೆ ಖರೀದಿ ಕೇಂದ್ರದಲ್ಲಿ ಮಾರಲು ತೇವದ ಪರೀಕ್ಷೆ, ಸರದಿ, ಕಾಗದ ಪತ್ರ. ಕೈಗಡ ತಂದವನು ಅಷ್ಟು ದಿನ ಕಾಯಲಾರ, ಅಡತಿಗೇ ಹಾಕುತ್ತಾನೆ. ಅವನು ಕಾಯಲಾರ ಎಂಬುದು ಕೊಳ್ಳುವವನಿಗೂ ಗೊತ್ತು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ರಾಯಚೂರು, ಮಾನ್ವಿ, ದೇವದುರ್ಗ, ಎಲ್ಲೆಲ್ಲಿ ಹತ್ತಿಯ ಹರಾಜು ನಡೆಯುತ್ತದೆಯೋ ಅಲ್ಲೆಲ್ಲ ದಿನಾ ಬೆಳಿಗ್ಗೆ ಹರಾಜಿಗೆ ಮುಂಚೆ ಒಂದು ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯಬೇಕು: ಹೊರದೇಶದ ಅರಳೆ ದರ ಇಷ್ಟು ಸೆಂಟ್, ಡಾಲರಿಗೆ ಇಷ್ಟು ರೂಪಾಯಿ, ಖಂಡಿಗೆ ಇಷ್ಟಾಯಿತು, ಬೆಂಬಲ ಬೆಲೆ ಇಷ್ಟು. ಸೀಮೆಸುಣ್ಣದ ಖರ್ಚು ನಾವೇ ಕೊಡುತ್ತೇವೆ. ಬಿತ್ತಿದ ಮೇಲೆ, ಬಿಡಿಸಿ ಮಾರುವ ತನಕ ಆಮದು ಸುಂಕ ಮುಟ್ಟಬಾರದು. ಬದಲಿಸುವುದಿದ್ದರೆ ಮೇ ತಿಂಗಳಿಗೆ ಮುಂಚೆ ಬದಲಿಸಲಿ, ಆಗ ಹತ್ತಿ ಬಿತ್ತಬೇಕೋ ತೊಗರಿ ಬಿತ್ತಬೇಕೋ ನಾವು ನೋಡಿಕೊಳ್ಳುತ್ತೇವೆ. ಇದನ್ನು ಮಾರುಕಟ್ಟೆ ಸಮಿತಿಗೂ ಜಿಲ್ಲಾಧಿಕಾರಿಗೂ ಬರೆದು ಕೊಡುವುದಿದೆ. ಊರೂರಿನಿಂದ ಸಹಿ ಬೇಕು. ಹೆಬ್ಬೆಟ್ಟೂ ನಡೆಯುತ್ತದೆ, ಆದರೆ ಮೇಲೆ ಬರೆದದ್ದನ್ನು ಓದಿಸಿ ಕೇಳಿದ ಮೇಲೆ.

ಇನ್ನೊಂದು. ನಿಮ್ಮ ಮನೆಯ ಟ್ರಂಕು, ಅಟ್ಟ, ಜೋಳದ ಹಗೇವಿನ ಪಕ್ಕದ ಗೂಡು, ಎಲ್ಲಾದರೂ ಹಾಲಿ ಕಾಲದ ಸಾಲಪತ್ರ, ಹತ್ತಿ ಪಟ್ಟಿ, ಹೊಲದ ಪಾವತಿ ಇದ್ದರೆ ಹುಡುಕಿರಿ. 1950ರಿಂದ 1959ರ ನಡುವೆ ಹೊಸದಾಗಿ ಬರೆಸಿದ ಪತ್ರ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಉರ್ದುವಿನಲ್ಲಿದ್ದರೆ ಚಿಂತೆ ಬೇಡ, ಓದಿಸುವ ವ್ಯವಸ್ಥೆ ನಾವು ಮಾಡುತ್ತೇವೆ. ಸಾಲ ಕೊಟ್ಟವರ ಹೆಸರು ಅಚ್ಚು ಹಾಕುವುದಿಲ್ಲ, ಅವರೂ ಇಲ್ಲ, ಅವರ ಮೊಮ್ಮಕ್ಕಳ ಜೊತೆ ನಮ್ಮ ಜಗಳವೂ ಇಲ್ಲ. ಅಂಕಿ ಮಾತ್ರ ಅಚ್ಚು ಹಾಕುತ್ತೇವೆ, ಊರಿನ ಹೆಸರಿನೊಂದಿಗೆ. ನಕಲು ಮಾಡಿಸಿ ಕಳಿಸಿರಿ, ಮೂಲ ಕಾಗದ ಕಳಿಸಬೇಡಿರಿ. ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿರಿ.